ಕ್ಯಾಂಪಸ್‌ನಲ್ಲಿ ರಾಜಕೀಯ ಚರ್ಚೆ: ವೇದಿಕೆಯ ಮಾತು ಜಿಲ್ಲೆಗೆಲ್ಲ ತಲುಪುವುದು ಹೇಗೆ?

ಹಾಸನದ ಒಂದು ಕಾಲೇಜಿನ ಸಭಾಂಗಣದಲ್ಲಿ ಚುನಾವಣೆಯ ಅಭ್ಯರ್ಥಿಗಳನ್ನು ಎದುರುಬದುರು ನಿಲ್ಲಿಸಿ ಚರ್ಚೆ ನಡೆಸಬೇಕೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಯಾರು ಬರುತ್ತಾರೆ, ಯಾರು ನಿರೂಪಿಸುತ್ತಾರೆ, ಪ್ರಶ್ನೆಗಳನ್ನು ಯಾರು ಆರಿಸುತ್ತಾರೆ ಎಂಬುದರ ಬಗ್ಗೆ ಸಭೆಗಳು ನಡೆಯುತ್ತವೆ. ಮಾಧ್ಯಮದ ವಿಷಯ ಬಂದಾಗ ಮಾತ್ರ ‘ಮುಂದಿನ ಎರಡು ಸಾಲು ಕುರ್ಚಿ, ಕಾಫಿ, ತಿಂಡಿ’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಎಷ್ಟೋ ಒಳ್ಳೆಯ ಕಾರ್ಯಕ್ರಮಗಳು ಸಭಾಂಗಣದ ಗೋಡೆ ದಾಟದೆ ಉಳಿಯುವುದು ಇಲ್ಲಿಂದಲೇ.

ಸಭಾಂಗಣದೊಳಗೆ ಐನೂರೋ ಆರುನೂರೋ ಮಂದಿ ಕೂರಬಹುದು. ಅವರಲ್ಲಿ ಹೆಚ್ಚಿನವರು ಆಗಲೇ ಒಂದು ಪಕ್ಷದ ಕಡೆ ಒಲಿದಿರುತ್ತಾರೆ. ಚರ್ಚೆ ನಿಜವಾಗಿ ಬೇಕಿರುವುದು ಸಕಲೇಶಪುರದ ಕಾಫಿ ತೋಟದ ಕಾರ್ಮಿಕರಿಗೆ, ಅರಸೀಕೆರೆಯ ತೆಂಗು ಬೆಳೆಗಾರರಿಗೆ, ಕಾಡಾನೆಗಳ ಹಾವಳಿಯಿಂದ ನೊಂದ ಆಲೂರಿನ ರೈತರಿಗೆ. ಅವರಿಗೂ ವೇದಿಕೆಗೂ ನಡುವೆ ಇರುವ ದಾರಿ ಮಾಧ್ಯಮವೊಂದೇ. ಸಭೆಗೆ ಬರಲಾಗದ ಮತದಾರರಿಗೂ ಸಭೆಯಲ್ಲಿ ಕೂತವರಷ್ಟೇ ಸ್ಪಷ್ಟವಾಗಿ ಮಾತು ಕೇಳಿಸಬೇಕು. ಬೆಂಗಳೂರಿನ ದೊಡ್ಡ ವಾಹಿನಿಗೆ ಸಿಗುವ ಧ್ವನಿ, ಚಿತ್ರಗಳೇ ಒಂಟಿಯಾಗಿ ಕ್ಯಾಮೆರಾ ಹೊತ್ತು ಬರುವ ತಾಲ್ಲೂಕಿನ ವರದಿಗಾರರಿಗೂ ಸಿಗಬೇಕು. ಮಾಧ್ಯಮ ವ್ಯವಸ್ಥೆಯ ಪ್ರತಿಯೊಂದು ತೀರ್ಮಾನವನ್ನೂ ಈ ಅಳತೆಯಲ್ಲೇ ನೋಡಬೇಕೆಂಬುದು ನನ್ನ ನಿಲುವು.

ಜಾಗ, ದಿನ, ಹೊತ್ತು

ಅಮೆರಿಕದಲ್ಲಿ ಅಧ್ಯಕ್ಷೀಯ ಚರ್ಚೆಗಳನ್ನು ವಿಶ್ವವಿದ್ಯಾಲಯಗಳಲ್ಲಿ ನಡೆಸುವ ರೂಢಿ ಬಹುಕಾಲ ಇತ್ತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 1992, 2000, 2004 ಮತ್ತು 2016ರಲ್ಲಿ ಅಂಥ ಚರ್ಚೆಗೆ ಜಾಗ ಕೊಟ್ಟಿದೆ. ಚರ್ಚೆ ನಡೆದದ್ದು ಅಲ್ಲಿನ ಕ್ರೀಡಾ ಸಂಕೀರ್ಣದಲ್ಲಿ. ನಾವು ಗಮನಿಸಬೇಕಾದ ಸಂಗತಿ ಒಂದಿದೆ: ಅಲ್ಲಿ ಪತ್ರಕರ್ತರಲ್ಲಿ ಬಹುಪಾಲು ಮಂದಿ ಚರ್ಚೆಯ ಕೊಠಡಿಯೊಳಗೆ ಕೂರುವುದಿಲ್ಲ. ಪಕ್ಕದ ಇನ್ನೊಂದು ದೊಡ್ಡ ಕೊಠಡಿಯಲ್ಲಿ ಮೇಜು, ವಿದ್ಯುತ್ ಸಾಕೆಟ್, ಇಂಟರ್‌ನೆಟ್, ಪರದೆ ಇರುತ್ತವೆ. ಅವರು ಅಲ್ಲಿಂದಲೇ ನೋಡಿ, ಕೇಳಿ, ಬರೆದು ಕಳುಹಿಸುತ್ತಾರೆ.

ಹಾಸನದಲ್ಲಿಯೂ ಹಾಗೆಯೇ ಎರಡು ಕೊಠಡಿ ಬೇಕು. ವರದಿಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಮರ್ಯಾದೆಯಂತೆ ಕಂಡರೂ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಪ್ಪಾಳೆಯ ಸದ್ದಿನ ನಡುವೆ, ಚಾರ್ಜರ್‌ಗೆ ಜಾಗವಿಲ್ಲದೆ ಯಾರೂ ಸರಿಯಾಗಿ ಬರೆಯಲಾರರು. ಸಭಾಂಗಣದ ಪಕ್ಕದ ಎರಡು ತರಗತಿ ಕೊಠಡಿಗಳನ್ನು ಬಿಟ್ಟುಕೊಟ್ಟು, ಗೋಡೆಗೆ ಒಂದು ಪ್ರೊಜೆಕ್ಟರ್ ಪರದೆ ಹಾಕಿದರೆ ಸಾಕು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಈಚೆಗೆ ಹಾಸನ ವಿಶ್ವವಿದ್ಯಾಲಯವಾದ ಹೇಮಗಂಗೋತ್ರಿಯಿರಲಿ, 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿರಲಿ, ಇಂಥ ಕೊಠಡಿಗಳಿಗೆ ಕೊರತೆ ಇರಲಾರದು.

ಸಭಾಂಗಣವನ್ನು ಆರಿಸುವಾಗ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ನೋಡುವ ಮೊದಲು ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಕೈತಟ್ಟಿ ನೋಡಿ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕೆಲಕಾಲ ಉಳಿದರೆ ಅಲ್ಲಿ ಧ್ವನಿಮುದ್ರಣ ಕಷ್ಟ. ಎಷ್ಟೇ ಒಳ್ಳೆಯ ಮೈಕ್ ತಂದರೂ ಮಾತು ಕಲಸಿಹೋಗುತ್ತದೆ. ತಗಡಿನ ಚಾವಣಿಯ ದೊಡ್ಡ ಹಾಲ್‌ಗಿಂತ ಪರದೆ, ಮೆತ್ತನೆಯ ಕುರ್ಚಿಗಳಿರುವ ಚಿಕ್ಕ ಸಭಾಂಗಣವೇ ಮೇಲು.

ದಿನ ನಿಗದಿ ಮಾಡುವಾಗ ಹಾಸನಾಂಬೆಯನ್ನು ನೆನೆಯಬೇಕು. ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಆ ದಿನಗಳಲ್ಲಿ ಊರಿನ ಲಾಡ್ಜ್‌ಗಳು ತುಂಬಿರುತ್ತವೆ, ರಸ್ತೆಗಳಲ್ಲಿ ವಾಹಿನಿಗಳ ನೇರಪ್ರಸಾರದ ವಾಹನ, ಅಂದರೆ ಒಬಿ ವ್ಯಾನ್, ಸಾಗುವುದಿಲ್ಲ, ಪೊಲೀಸರು ಬಂದೋಬಸ್ತಿನಲ್ಲಿರುತ್ತಾರೆ, ಜಿಲ್ಲೆಯ ವರದಿಗಾರರೆಲ್ಲ ದೇವಸ್ಥಾನದ ಬಳಿಯೇ ಇರುತ್ತಾರೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನಿಂದ ಬರಬೇಕಾದ ತಂಡಗಳು ದಾರಿಯಲ್ಲೇ ನಿಲ್ಲುತ್ತವೆ.

ಹೊತ್ತಿನ ಲೆಕ್ಕ ಮುದ್ರಣ ಪತ್ರಿಕೆಗಳಿಗಾಗಿ. ಟಿವಿಯವರು ರಾತ್ರಿ 9 ಗಂಟೆಗೆ ಇಟ್ಟರೂ ನೇರಪ್ರಸಾರ ಮಾಡುತ್ತಾರೆ. ಆದರೆ ಪತ್ರಿಕೆಗಳ ಜಿಲ್ಲಾ ಪುಟ ಸಂಜೆಯಾಗುತ್ತಲೇ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಸಂಜೆ 7ಕ್ಕೆ ಶುರುವಾದ ಚರ್ಚೆಯ ಸಾರ ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಾಗಿ ಬರುತ್ತದೆ, ಅದರ ಮರುದಿನ ಹಳೆಯದಾಗಿರುತ್ತದೆ. ಮಧ್ಯಾಹ್ನ 3ಕ್ಕೆ ಶುರುಮಾಡಿ ನಾಲ್ಕೂವರೆಗೆ ಮುಗಿಸಿದರೆ ವರದಿಗಾರರಿಗೆ ಬರೆಯಲು ಹೊತ್ತು ಉಳಿಯುತ್ತದೆ. ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ಕೊನೆಯ ಬಸ್ಸೂ ತಪ್ಪುವುದಿಲ್ಲ.

ಕಾನೂನು ಇಲ್ಲಿ ಸ್ವಲ್ಪ ಮಾತ್ರ ಬೇಕು, ಆದರೆ ಆ ಸ್ವಲ್ಪವನ್ನು ಬಿಡುವಂತಿಲ್ಲ. ನೀತಿಸಂಹಿತೆ ಜಾರಿಯಲ್ಲಿದ್ದರೆ ಜಿಲ್ಲಾ ಚುನಾವಣಾಧಿಕಾರಿಯಾದ ಜಿಲ್ಲಾಧಿಕಾರಿಯವರ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ ಪ್ರಕಾರ ಮತದಾನ ಮುಗಿಯುವ ಸಮಯಕ್ಕೆ ಹಿಂದಿನ 48 ಗಂಟೆಗಳಲ್ಲಿ ಆ ಕ್ಷೇತ್ರದಲ್ಲಿ ಚುನಾವಣಾ ವಿಷಯಗಳನ್ನು ಟಿವಿಯಲ್ಲಿ ಅಥವಾ ಅಂಥದೇ ಸಾಧನಗಳಲ್ಲಿ ತೋರಿಸುವಂತಿಲ್ಲ. ಚರ್ಚೆ ಅದಕ್ಕೂ ಸಾಕಷ್ಟು ಮೊದಲೇ ಆಗಬೇಕು, ಮರುಪ್ರಸಾರಕ್ಕೂ ದಿನಗಳು ಉಳಿಯುವ ಹಾಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಹೊರಗೆ ಧ್ವನಿವರ್ಧಕ ಕಟ್ಟಿ ಜನ ಸೇರಿಸುವ ಆಸೆ ಬೇಡ.

ಧ್ವನಿ

ಚಿತ್ರ ಹೋದರೂ ಚರ್ಚೆ ರೇಡಿಯೊ ಕಾರ್ಯಕ್ರಮವಾಗಿ ಬದುಕುತ್ತದೆ. ಧ್ವನಿ ಹೋದರೆ ಏನೂ ಉಳಿಯುವುದಿಲ್ಲ. ಇದಕ್ಕೆ ಇತಿಹಾಸದಲ್ಲೇ ದೊಡ್ಡ ಸಾಕ್ಷಿ ಇದೆ. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದ ವಾಲ್‌ನಟ್ ಸ್ಟ್ರೀಟ್ ಥಿಯೇಟರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ನಡುವೆ ಚರ್ಚೆ ನಡೆಯುತ್ತಿತ್ತು. ಮುಗಿಯಲು ಕೆಲವೇ ನಿಮಿಷಗಳಿದ್ದಾಗ, ಕಾರ್ಟರ್ ಮಾತನಾಡುತ್ತಿರುವಂತೆಯೇ, ಪ್ರಸಾರದ ಧ್ವನಿ ನಿಂತಿತು. ಸರಿಪಡಿಸಲು ಹಿಡಿದದ್ದು 27 ನಿಮಿಷ. ಅಷ್ಟು ಹೊತ್ತೂ ಇಬ್ಬರು ನಾಯಕರು ತಮ್ಮ ತಮ್ಮ ಪೀಠದ ಹಿಂದೆ ಮಾತಿಲ್ಲದೆ ನಿಂತಿದ್ದರು, ದೇಶ ಅದನ್ನು ಟಿವಿಯಲ್ಲಿ ನೋಡುತ್ತಿತ್ತು. ಕಾರಣ ಧ್ವನಿ ಸಲಕರಣೆಯ ಒಂದು ಸಣ್ಣ ಬಿಡಿಭಾಗ ಕೆಟ್ಟದ್ದು. ಎಲ್ಲ ವಾಹಿನಿಗಳಿಗೂ ಧ್ವನಿ ಹೋಗುತ್ತಿದ್ದದ್ದು ಒಂದೇ ದಾರಿಯಲ್ಲಿ, ಆದ್ದರಿಂದ ಎಲ್ಲ ವಾಹಿನಿಗಳೂ ಒಟ್ಟಿಗೆ ಮೂಕವಾದವು.

ಈ ಘಟನೆಯಿಂದ ಹೊರಡುವ ನಿಯಮ ಇದು: ಬಾಯಿಯಿಂದ ಹೊರಟ ಮಾತು ಹೊರಗೆ ತಲುಪಲು ಎರಡು ಬೇರೆ ಬೇರೆ ದಾರಿಗಳಿರಬೇಕು, ಎರಡೂ ಎಲ್ಲಿಯೂ ಒಂದೇ ಪೆಟ್ಟಿಗೆಯನ್ನು ಹಾಯಬಾರದು. ಪ್ರತಿ ಅಭ್ಯರ್ಥಿಗೂ ಎರಡು ಮೈಕ್. ಒಂದು ಪೀಠದ ಮೇಲೆ, ತಂತಿಯದು. ಇನ್ನೊಂದು ಅಂಗಿಗೆ ಸಿಕ್ಕಿಸುವಂಥದ್ದು. ಮೊದಲನೆಯದರ ತಂತಿ, ಮೈಕ್‌ಗಳ ಧ್ವನಿಯನ್ನು ಬೆರೆಸಿ ಹದಗೊಳಿಸುವ ಮುಖ್ಯ ಮಿಕ್ಸರ್‌ಗೆ ಹೋದರೆ ಎರಡನೆಯದು ಬೇರೊಂದು ಚಿಕ್ಕ ಮಿಕ್ಸರ್‌ಗೆ ಹೋಗಬೇಕು. ಅದರಿಂದ ಒಂದು ರೆಕಾರ್ಡರ್‌ಗೆ ಧ್ವನಿ ಸದಾ ಹರಿಯುತ್ತಿರಬೇಕು. ಮದುವೆ, ಸಮಾವೇಶಗಳಿಗೆ ಸೌಂಡ್ ಹಾಕುವವರನ್ನು ಕರೆದು ‘ಎಲ್ಲ ನೀವೇ ನೋಡಿಕೊಳ್ಳಿ’ ಎಂದರೆ ಇದು ಆಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಅವರ ಕೆಲಸ ಹಾಲ್‌ನಲ್ಲಿ ಕೂತವರಿಗೆ ಕೇಳಿಸುವುದು. ಪ್ರಸಾರದ ಧ್ವನಿಯ ಬೇಡಿಕೆಯೇ ಬೇರೆ.

ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಹಾಲ್‌ನಲ್ಲಿ ಕೀರಲು ಸದ್ದು ಬಾರದಂತೆ ಸೌಂಡ್‌ನವರು ಮೈಕ್‌ಗಳನ್ನು ತಗ್ಗಿಸುತ್ತಾ ಏರಿಸುತ್ತಾ ಇರುತ್ತಾರೆ. ಪ್ರೇಕ್ಷಕರ ಚಪ್ಪಾಳೆಗೆ, ಕೂಗಿಗೆ ಅಲ್ಲಿ ಮೈಕ್ ಬೇಕಿಲ್ಲ. ಕಿವಿಗೆ ನೇರವಾಗಿ ಕೇಳುತ್ತದೆ. ಅದೇ ಧ್ವನಿಯನ್ನು ಟಿವಿಗೆ ಕೊಟ್ಟರೆ ಮನೆಯಲ್ಲಿ ಕೂತವರಿಗೆ ಅಭ್ಯರ್ಥಿ ಏಕೆ ತಡೆದು ನಿಂತರು, ಸಭೆ ಏಕೆ ನಕ್ಕಿತು ಎಂಬುದೇ ತಿಳಿಯದು. ಆದ್ದರಿಂದ ಪ್ರಸಾರಕ್ಕೆ ಪ್ರತ್ಯೇಕ ಮಿಶ್ರಣ ಇರಬೇಕು, ಪ್ರೇಕ್ಷಕರ ಕಡೆಗೆ ತಿರುಗಿದ ಒಂದೆರಡು ಮೈಕ್ ಅದರಲ್ಲಿ ಸೇರಿರಬೇಕು, ಹೆಡ್‌ಫೋನ್ ಹಾಕಿಕೊಂಡ ಒಬ್ಬರು ಅದನ್ನೇ ಕೇಳುತ್ತ ಕೂರಬೇಕು.

ಆ ಮಿಶ್ರಣ ನೇರವಾಗಿ ಪ್ರೆಸ್ ಬಾಕ್ಸ್‌ಗೆ ಹೋಗುತ್ತದೆ. ಒಂದು ಕಡೆಯಿಂದ ಧ್ವನಿ ಒಳಬಂದು, ಎಂಟು, ಹದಿನಾರು ಸಾಕೆಟ್‌ಗಳಿಂದ ಹೊರಹೋಗುವ ಪೆಟ್ಟಿಗೆ ಇದು. ಒಳ್ಳೆಯ ಪೆಟ್ಟಿಗೆಯಲ್ಲಿ ಪ್ರತಿ ಸಾಕೆಟ್‌ಗೂ ಬೇರೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಾಗಾಗಿ ಒಬ್ಬರ ತಂತಿ ಕೆಟ್ಟರೂ ಮಿಕ್ಕವರಿಗೆ ತೊಂದರೆಯಿಲ್ಲ, ಒಬ್ಬರ ಚಾರ್ಜರ್‌ನಿಂದ ಬರುವ ಗುಂಯ್‌ಗುಡುವಿಕೆ ಇನ್ನೊಬ್ಬರ ಕ್ಯಾಮೆರಾಕ್ಕೆ ಹೊಕ್ಕುವುದೂ ಇಲ್ಲ. ಧ್ವನಿಯಲ್ಲಿ ಎರಡು ಮಟ್ಟಗಳಿರುತ್ತವೆ: ಮೈಕ್‌ನ ಮಟ್ಟ, ಲೈನ್ ಮಟ್ಟ. ಲೈನ್ ಮಟ್ಟದ ವೋಲ್ಟೇಜ್ ಮೈಕ್‌ನದಕ್ಕಿಂತ ನೂರಾರು ಪಟ್ಟು ಹೆಚ್ಚು. ಲೈನ್ ಧ್ವನಿಯನ್ನು ಕ್ಯಾಮೆರಾದ ಮೈಕ್ ಸಾಕೆಟ್‌ಗೆ ಕೊಟ್ಟರೆ ಮಾತು ಒಡೆದು ಕರಕರ ಎನ್ನುತ್ತದೆ. ಪೆಟ್ಟಿಗೆಯ ಪ್ರತಿ ಸಾಕೆಟ್‌ನ ಮೇಲೂ ಕನ್ನಡದಲ್ಲೇ ‘ಮೈಕ್’ ಅಥವಾ ‘ಲೈನ್’ ಎಂದು ಚೀಟಿ ಅಂಟಿಸಿ. ಮೊಬೈಲ್‌ನಲ್ಲಿ ವರದಿ ಮಾಡುವವರಿಗೆ ಬೇಕಾದ ಸಣ್ಣ ಪಿನ್‌ನ ತಂತಿಗಳನ್ನು ಸಂಘಟಕರೇ ಹತ್ತಿಪ್ಪತ್ತು ತಂದಿಡಲಿ. ಸಣ್ಣ ವರದಿಗಾರರನ್ನು ದೊಡ್ಡವರ ಸಾಲಿಗೆ ತರಲು ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.

ಲೋಗೋ ಮೈಕ್‌ಗಳದ್ದು ಇನ್ನೊಂದು ಸಮಸ್ಯೆ. ತಮ್ಮ ವಾಹಿನಿಯ ಹೆಸರು ಪೀಠದ ಮೇಲೆ ಕಾಣಲೆಂದು ಎಲ್ಲರೂ ಮೈಕ್ ಇಟ್ಟರೆ ಅಭ್ಯರ್ಥಿಯ ಮುಖವೇ ಮರೆಯಾಗುತ್ತದೆ. ಚರ್ಚೆಯ ಪೀಠದ ಮೇಲೆ ಯಾವ ಲೋಗೋ ಮೈಕ್ ಕೂಡ ಬೇಡ, ಆಮೇಲೆ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಚುಟುಕು ಹೇಳಿಕೆ, ಕೊಡುವ ಜಾಗದಲ್ಲಿ ಎಲ್ಲರದೂ ಇರಲಿ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಈ ಮಾತನ್ನು ಚರ್ಚೆಯ ದಿನ ಎತ್ತಿದರೆ ಜಗಳವಾಗುತ್ತದೆ, ವಾರ ಮೊದಲು ಎತ್ತಿದರೆ ಎಲ್ಲರೂ ಒಪ್ಪುತ್ತಾರೆ.

ಚಿತ್ರ

ಹತ್ತು ವಾಹಿನಿಗಳ ಹತ್ತು ಕ್ಯಾಮೆರಾಗಳು ಹಾಲ್‌ನ ನಡುವೆ ನಿಂತರೆ ಹಿಂದಿನವರಿಗೆ ಏನೂ ಕಾಣದು. ಇದಕ್ಕೆ ಪೂಲ್ ಪದ್ಧತಿ ಪರಿಹಾರ: ಒಂದೇ ತಂಡ ಮೂರು ನಾಲ್ಕು ಕ್ಯಾಮೆರಾಗಳಿಂದ ಚಿತ್ರೀಕರಿಸಿ, ಮೇಲೆ ಯಾವ ಬರಹ, ಲೋಗೋ ಇಲ್ಲದ ಸ್ವಚ್ಛ ಫೀಡನ್ನು, ಅಂದರೆ ನೇರ ಚಿತ್ರ ಮತ್ತು ಧ್ವನಿಯನ್ನು, ಎಲ್ಲರಿಗೂ ಕೊಡುತ್ತದೆ. ಒಬ್ಬ ಅಭ್ಯರ್ಥಿ ಮಾತನಾಡುವಾಗ ಇನ್ನೊಬ್ಬರ ಮುಖ ಎಷ್ಟು ತೋರಿಸಬೇಕು, ಇಬ್ಬರ ಚಿತ್ರದ ಅಳತೆ ಒಂದೇ ಇರಬೇಕೇ, ಪ್ರೇಕ್ಷಕರ ಕಡೆ ಕ್ಯಾಮೆರಾ ಯಾವಾಗ ತಿರುಗಬೇಕು ಎಂಬುದನ್ನೆಲ್ಲ ಪಕ್ಷಗಳ ಪ್ರತಿನಿಧಿಗಳ ಎದುರಿನಲ್ಲಿ ಬರೆದಿಡಬೇಕು. ಕತ್ತರಿಸದ ಪೂರ್ತಿ ಚಿತ್ರೀಕರಣ ಎಲ್ಲರ ಕೈಯಲ್ಲೂ ಇರುವುದರಿಂದ, ಯಾರೋ ಹತ್ತು ಸೆಕೆಂಡ್ ತುಣುಕನ್ನು ತಿರುಚಿ ಹಂಚಿದರೂ ನಿಜ ತೋರಿಸಲು ದಾಖಲೆ ಇರುತ್ತದೆ.

ಬೆಳಕಿನಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ವಿದ್ಯುತ್ 50 ಹರ್ಟ್ಜ್‌ನದು. ಹಳೆಯ ಟ್ಯೂಬ್‌ಲೈಟ್‌ಗಳು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು, ಕ್ಯಾಮೆರಾದ ಷಟರ್ ವೇಗ 1/60 ಸೆಕೆಂಡ್ ಇದ್ದರೆ ಚಿತ್ರದಲ್ಲಿ ಪಟ್ಟಿಪಟ್ಟಿಯಾಗಿ ಹರಿಯುತ್ತದೆ. 1/50 ಅಥವಾ 1/100ಕ್ಕೆ ಇಟ್ಟರೆ ಹೋಗುತ್ತದೆ. ಮೊಬೈಲ್‌ನಲ್ಲಿ ಚಿತ್ರೀಕರಿಸುವವರಿಗೆ ಇದನ್ನು ಮಾಧ್ಯಮ ಕೊಠಡಿಯ ಬಾಗಿಲಲ್ಲೇ ಬರೆದು ಹಾಕಿ. ಛಾಯಾಗ್ರಾಹಕರಿಗೆ ಆರಂಭದ ಕೆಲವು ನಿಮಿಷ ವೇದಿಕೆಯ ಮುಂದೆ ಅವಕಾಶ. ಆಮೇಲೆ ಪಕ್ಕಕ್ಕೆ, ಫ್ಲ್ಯಾಶ್ ಇಲ್ಲದೆ.

ಹೊರಗೆ ಕಳುಹಿಸುವ ದಾರಿ

1978ರ ನವೆಂಬರ್‌ನಲ್ಲಿ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಮತ್ತು ವೀರೇಂದ್ರ ಪಾಟೀಲರು ಎದುರಾದಾಗ ದೇಶದ ಪತ್ರಕರ್ತರೆಲ್ಲ ಮಲೆನಾಡಿಗೆ ಬಂದಿದ್ದರು. ಆ ಕಾಲದಲ್ಲಿ ಸುದ್ದಿ ಕಳುಹಿಸಲು ಇದ್ದ ಮುಖ್ಯ ದಾರಿಗಳು ಟ್ರಂಕ್ ಕಾಲ್ ಮತ್ತು ಟೆಲಿಗ್ರಾಂ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಪ್ರಸಾರ ಸಾಧನವಿದೆ. ತೊಂದರೆ ಹುಟ್ಟುವುದೇ ಅಲ್ಲಿ.

ಮೊಬೈಲ್ ಟವರನ್ನು ಕೆರೆಯ ತೂಬಿನಂತೆ ಭಾವಿಸಿ: ಎಷ್ಟು ಗದ್ದೆಗಳಿದ್ದರೂ ಒಮ್ಮೆಗೆ ಹರಿಯುವ ನೀರು ಅಷ್ಟೇ. ಸಭಾಂಗಣದಲ್ಲಿ ಆರುನೂರು ಮಂದಿ ಒಟ್ಟಿಗೆ ವಿಡಿಯೊ ಹಂಚಲು ಹೊರಟರೆ ವರದಿಗಾರರ ಪಾಲಿಗೆ ಹನಿಯೂ ಉಳಿಯದು. ಅದರಲ್ಲೂ ಮೇಲಕ್ಕೆ ಕಳುಹಿಸುವ ದಾರಿ, ಅಂದರೆ ಅಪ್‌ಲೋಡ್, ಕೆಳಕ್ಕೆ ಬರುವ ದಾರಿಗಿಂತ ಕಿರಿದು. ವಾಹಿನಿಗಳವರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಕ್‌ಪ್ಯಾಕ್ ಸಾಧನ ಹಲವು ಕಂಪನಿಗಳ ಸಿಮ್‌ಗಳನ್ನು ಸೇರಿಸಿ ಒಂದೇ ದಾರಿ ಮಾಡಿಕೊಳ್ಳುತ್ತದೆ. ಆದರೆ ಎಲ್ಲ ಟವರ್‌ಗಳೂ ದಣಿದಿದ್ದರೆ ಅದಕ್ಕೂ ದಿಕ್ಕಿಲ್ಲ. ಖಾಲಿ ಆವರಣದಲ್ಲಿ ಬೆಳಿಗ್ಗೆ ವೇಗ ಪರೀಕ್ಷಿಸಿ ನೆಮ್ಮದಿಯಿಂದಿರುವುದು ಮೋಸಹೋಗುವ ದಾರಿ. ತರಗತಿಗಳು ತುಂಬಿರುವ ದಿನ, ಊಟದ ಬಿಡುವಿನಲ್ಲಿ ಪರೀಕ್ಷಿಸಿ.

ಆದ್ದರಿಂದ ಮಾಧ್ಯಮ ಕೊಠಡಿಗೆ ಫೈಬರ್ ಸಂಪರ್ಕ ಬೇಕೇಬೇಕು, ಅದೂ ಕಾಲೇಜಿನ ವೈಫೈನಿಂದ ಪೂರ್ತಿ ಪ್ರತ್ಯೇಕವಾಗಿ, ತಂತಿಯ ಮೂಲಕ. ಲೆಕ್ಕ ಸುಲಭ. ಒಂದು ಎಚ್‌ಡಿ ನೇರಪ್ರಸಾರಕ್ಕೆ ಸುಮಾರು 5ರಿಂದ 10 ಎಂಬಿಪಿಎಸ್ ಅಪ್‌ಲೋಡ್ ಬೇಕು. ಹತ್ತು ತಂಡಗಳಿದ್ದರೆ 100, ಅದರ ಮೇಲೆ ಫೋಟೊ, ಬರಹಗಳಿಗೆ ಇನ್ನಷ್ಟು. ಬ್ರಾಡ್‌ಬ್ಯಾಂಡ್ ಕಂಪನಿ ‘200 ಎಂಬಿಪಿಎಸ್’ ಎಂದಾಗ ಅದು ಡೌನ್‌ಲೋಡಿನ ಮಾತೋ ಅಪ್‌ಲೋಡಿನ ಮಾತೋ ಎಂದು ಬಿಡಿಸಿ ಕೇಳಿ, ಬರಹದಲ್ಲಿ ಪಡೆಯಿರಿ. ಇನ್ನೊಂದು ಕಂಪನಿಯ ಚಿಕ್ಕ ಸಂಪರ್ಕವೂ ಇರಲಿ.

ಉಪಗ್ರಹದ ದಾರಿಯ ವಿಷಯದಲ್ಲಿ ಹಾಸನದವರು ಹೆಮ್ಮೆಪಡಬೇಕು. ದೇಶದ ಸಂವಹನ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟು ನೋಡಿಕೊಳ್ಳುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇಲ್ಲಿಯೇ, 1982ರಿಂದ ಇದೆ. ಒಬಿ ವ್ಯಾನಿನ ಡಿಶ್‌ನಿಂದ ಹೊರಟ ಸಂಕೇತ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿ ವಾಹಿನಿಯ ಕಚೇರಿಗೆ ಇಳಿಯುತ್ತದೆ. ನಮ್ಮ ಊರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಡಿಶ್ ತುಸು ದಕ್ಷಿಣಕ್ಕೆ ವಾಲಿ ಬಹಳ ಎತ್ತರಕ್ಕೆ ಮುಖಮಾಡುತ್ತದೆ. ಅಂದರೆ ದೂರದ ಕಟ್ಟಡ ಅಡ್ಡಿಯಲ್ಲ, ತಲೆಯ ಮೇಲಿನ ಮರದ ಕೊಂಬೆ ಅಡ್ಡಿ. ಕ್ಯಾಂಪಸ್‌ನ ಸಾಲುಮರಗಳ ನೆರಳಿನಲ್ಲಿ ವ್ಯಾನ್ ನಿಲ್ಲಿಸಬೇಡಿ. ಬಯಲಿನಲ್ಲಿ, ಗಟ್ಟಿ ನೆಲದಲ್ಲಿ ಜಾಗ ಗುರುತಿಸಿ, ಅಲ್ಲಿಂದ ಸಭಾಂಗಣಕ್ಕೆ ಕೇಬಲ್ ಎಷ್ಟು ಮೀಟರ್ ಎಂದು ಅಳೆದು ವಾಹಿನಿಗಳಿಗೆ ತಿಳಿಸಿ. ಕೆಯು ಬ್ಯಾಂಡ್ ಎಂಬ ತರಂಗಗಳನ್ನು ಬಳಸುವ ವ್ಯಾನ್‌ಗಳ ಸಂಕೇತ ಬಿರುಮಳೆಯಲ್ಲಿ ಕುಂದುತ್ತದೆ, ಆದ್ದರಿಂದ ಆಷಾಢದಲ್ಲಿ ಫೈಬರ್ ಇಲ್ಲದೆ ಧೈರ್ಯ ಮಾಡಬಾರದು. ಸಂಕೇತ ಮೇಲೇರಿ ಇಳಿಯಲು ಕಾಲು ಸೆಕೆಂಡ್ ಹಿಡಿಯುತ್ತದೆ, ಯಂತ್ರಗಳ ಸಂಸ್ಕರಣೆ ಸೇರಿ ತಡ ಇನ್ನೂ ಬೆಳೆಯುತ್ತದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತ ನಿರೂಪಕರು ಹಾಸನದ ಅಭ್ಯರ್ಥಿಗಳ ಚರ್ಚೆ ನಡೆಸಲಿ ಎಂಬ ಬೇಡಿಕೆ ಬಂದರೆ ಒಪ್ಪಬಾರದೆಂದು ನಾನು ಹೇಳುವುದು ಇದಕ್ಕೇ. ಮಾತಿನ ಮೇಲೆ ಮಾತು ಬಿದ್ದು ಎರಡೂ ಹಾಳಾಗುತ್ತವೆ.

ಇಸ್ರೋದ ಕೇಂದ್ರವಿರುವ ಊರಿನಲ್ಲಿ ಡ್ರೋನ್ ಏರಿಸುವ ಮೊದಲು 2021ರ ಡ್ರೋನ್ ನಿಯಮಗಳ ಪ್ರಕಾರ ವಲಯದ ನಕ್ಷೆ ನೋಡಿ, ಪೊಲೀಸರನ್ನು ಕೇಳಿ. ಒಳಾಂಗಣದ ಚರ್ಚೆಗೆ ಡ್ರೋನ್ ಚಿತ್ರದಿಂದ ಬರುವ ಲಾಭವೂ ಅಷ್ಟಕ್ಕಷ್ಟೇ.

ಇನ್ನು ವಿದ್ಯುತ್. ಆ ದಿನ ದುರಸ್ತಿಗೆಂದು ಲೈನ್ ತೆಗೆಯದಂತೆ ವಿದ್ಯುತ್ ಸರಬರಾಜು ಮಾಡುವ ಸೆಸ್ಕ್ ಕಚೇರಿಗೆ ಪತ್ರ ಕೊಡಿ. ಜನರೇಟರ್ ಇದ್ದರೆ ಸಾಲದು: ವಿದ್ಯುತ್ ಹೋಗಿ ಜನರೇಟರ್ ಹಿಡಿಯುವ ಹತ್ತು ಹದಿನೈದು ಸೆಕೆಂಡಿನಲ್ಲಿ ಆರಿದ ರೂಟರ್, ಮಿಕ್ಸರ್, ಚಿತ್ರವನ್ನು ಪ್ರಸಾರಕ್ಕೆ ಹೊಂದಿಸುವ ಎನ್‌ಕೋಡರ್ ಮತ್ತೆ ಎದ್ದು ನಿಲ್ಲಲು ನಿಮಿಷಗಳು ಬೇಕು. ಆ ಮೂರಕ್ಕೂ ಯುಪಿಎಸ್ ಕಡ್ಡಾಯ. ಒಂದು ಕಿಲೋವ್ಯಾಟಿನ ಹಳೆಯ ಹ್ಯಾಲೊಜೆನ್ ದೀಪ ಇಪ್ಪತ್ತಿದ್ದರೆ 20 ಕಿಲೋವ್ಯಾಟ್ ಹೊರೆ. 200 ವ್ಯಾಟಿನ ಎಲ್‌ಇಡಿ ಅಷ್ಟೇ ಇದ್ದರೆ 4. ದೀಪಗಳಿಗೂ ಧ್ವನಿಗೂ ಬೇರೆ ಬೇರೆ ಫೇಸ್ ಇರಲಿ.

ಜನ

ಪಾಸ್ ಯಾರಿಗೆ ಎಂಬುದು ಅತ್ಯಂತ ನೋವಿನ ಪ್ರಶ್ನೆ. ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮಾನ್ಯತೆ ಪಡೆದವರ ಪಟ್ಟಿ ಇರುತ್ತದೆ, ಅದರಿಂದ ಆರಂಭಿಸಬಹುದು. ಅಲ್ಲಿಗೇ ನಿಲ್ಲಿಸಿದರೆ ತಾಲ್ಲೂಕುಗಳಲ್ಲಿ ನಿಜವಾಗಿ ಓಡಾಡುವ ಅರೆಕಾಲಿಕ ವರದಿಗಾರರು, ಯೂಟ್ಯೂಬ್ ವಾಹಿನಿಯವರು ಹೊರಗುಳಿಯುತ್ತಾರೆ. ಇತ್ತೀಚಿನ ಕೆಲವು ತಿಂಗಳಲ್ಲಿ ಅವರು ಮಾಡಿದ ಸ್ಥಳೀಯ ವರದಿಗಳನ್ನು ತೋರಿಸಲು ಹೇಳಿ, ಅದನ್ನೇ ಅರ್ಹತೆಯಾಗಿ ಎಣಿಸಿ, ನಿಯಮವನ್ನು ಮುಂಚೆಯೇ ಪ್ರಕಟಿಸಿ. ಪಕ್ಷದ ಪ್ರಚಾರ ತಂಡದ ಕ್ಯಾಮೆರಾಗಳಿಗೆ ಮಾಧ್ಯಮದ ಪಾಸ್ ಕೊಡಲೇಬಾರದು. ಆಕಾಶವಾಣಿ ಹಾಸನ ಕೇಂದ್ರಕ್ಕೆ ಮರೆಯದೆ ಆಹ್ವಾನ ಹೋಗಲಿ. ನೆಟ್‌ವರ್ಕ್ ಸಿಗದ ಎಸ್ಟೇಟ್‌ಗಳಲ್ಲಿ ರೇಡಿಯೊ ಈಗಲೂ ಉಪಯೋಗಕ್ಕೆ ಬರುತ್ತದೆ. ಮಹಿಳಾ ವರದಿಗಾರರಿಗೆ ಮಾಧ್ಯಮ ಕೊಠಡಿಯ ಹತ್ತಿರವೇ ಶೌಚಾಲಯ ಇರಬೇಕು, ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವ ಸ್ಥಿತಿ ಬರಬಾರದು.

ಚರ್ಚೆ ಮುಗಿದ ಕೂಡಲೇ ಬೈಟ್‌ಗಾಗಿ ನೂಕುನುಗ್ಗಲು ಆಗುತ್ತದೆ. ಬೆಂಬಲಿಗರ ಘೋಷಣೆಗಳ ನಡುವೆ ಮೆಟ್ಟಿಲ ಮೇಲೆ ನಡೆಯುವ ಈ ತಳ್ಳಾಟದಲ್ಲಿ ಕ್ಯಾಮೆರಾ ಮುರಿಯುತ್ತದೆ, ಮಾತು ಕೇಳಿಸುವುದಿಲ್ಲ, ಗಟ್ಟಿಮುಟ್ಟಾದ ತಂಡಕ್ಕೆ ಮಾತ್ರ ಉತ್ತರ ಸಿಗುತ್ತದೆ. ಬೇರೊಂದು ಕೊಠಡಿಯಲ್ಲಿ ಒಂದೇ ಹಿನ್ನೆಲೆ, ಒಂದೇ ಬೆಳಕು, ಪ್ರತಿ ಪಕ್ಷಕ್ಕೂ ಅಷ್ಟೇ ನಿಮಿಷಗಳು ಎಂದು ಗೊತ್ತುಮಾಡಿ, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಬೆಂಬಲಿಗರಿಗೆ ಅಲ್ಲಿ ಪ್ರವೇಶವಿಲ್ಲ. ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಇದ್ದರೆ ಈ ಕೊಠಡಿಯನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸಬಹುದು. ಪಠ್ಯದಲ್ಲಿ ಕಲಿಯದ ಎಷ್ಟೋ ಸಂಗತಿಗಳನ್ನು ಅವರು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ.

ಹಿಂದಿನ ದಿನ, ಚರ್ಚೆ ನಡೆಯುವ ಹೊತ್ತಿಗೇ, ಪೂರ್ತಿ ತಾಲೀಮು ಮಾಡಿ. ಅಭ್ಯರ್ಥಿಗಳ ಜಾಗದಲ್ಲಿ ವಿದ್ಯಾರ್ಥಿಗಳು ನಿಂತು ಮಾತನಾಡಲಿ. ನಡುವೆ ಬೇಕೆಂದೇ ಮುಖ್ಯ ವಿದ್ಯುತ್ ಆರಿಸಿ, ಮುಖ್ಯ ಮೈಕ್‌ನ ತಂತಿ ಕಿತ್ತು ನೋಡಿ. ಏನು ನಿಂತಿತು, ಎಷ್ಟು ಸೆಕೆಂಡಿನಲ್ಲಿ ಮರಳಿತು, ಯಾರು ಯಾರಿಗೆ ಫೋನ್ ಮಾಡಿದರು ಎಂದು ಒಬ್ಬರು ಬರೆದುಕೊಳ್ಳಲಿ.

ಚರ್ಚೆ ಮುಗಿದ ಒಂದು ಗಂಟೆಯೊಳಗೆ ಕತ್ತರಿಸದ ಧ್ವನಿಮುದ್ರಣದ ಕೊಂಡಿ ಎಲ್ಲ ವರದಿಗಾರರ ಮೊಬೈಲ್‌ಗೂ ಹೋಗಬೇಕು. ರಾತ್ರಿಯೊಳಗೆ ವಿದ್ಯಾರ್ಥಿಗಳ ಒಂದು ಗುಂಪು ಪೂರ್ತಿ ಮಾತನ್ನು ಬರಹಕ್ಕೆ ಇಳಿಸಿ, ಪ್ರತಿ ಉತ್ತರದ ಪಕ್ಕದಲ್ಲಿ ನಿಮಿಷ, ಸೆಕೆಂಡ್ ನಮೂದಿಸಲಿ. ಹಾಗಿದ್ದರೆ ಬೇಲೂರಿನಲ್ಲಿ ಕೂತ ವರದಿಗಾರರೂ ತಮ್ಮ ತಾಲ್ಲೂಕಿಗೆ ಸಂಬಂಧಿಸಿದ ಮಾತನ್ನು ಹುಡುಕಿ ತೆಗೆಯಬಲ್ಲರು. ವಿಡಿಯೊದ ಒಂದು ಪ್ರತಿ, ಬರಹದ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ ದಿನಾಂಕ, ಕ್ಷೇತ್ರ, ಅಭ್ಯರ್ಥಿಗಳ ಹೆಸರಿನೊಡನೆ ಸೇರಲಿ. ಐದು ವರ್ಷದ ನಂತರ ಅದೇ ಅಭ್ಯರ್ಥಿ ಮತ ಕೇಳಲು ಬಂದಾಗ, ಪ್ರಶ್ನೆ ಸಿದ್ಧಪಡಿಸುವ ವಿದ್ಯಾರ್ಥಿಗಳು ಮೊದಲು ತೆರೆಯಬೇಕಾದ ಕಡತ ಅದು.